ಮೂರು ನಿಮಿಷದ ಸೋಲು, ನಾಲ್ಕು ಗಂಟೆಯ ಸೋಲು

ಮೂರು ನಿಮಿಷದ ಚೆಸ್ ಆಟ ಸೋತರೆ ನನಗೆ ಏನೂ ಅನ್ನಿಸುವುದಿಲ್ಲ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಎರಡೋ ಮೂರೋ ಸೋತು, ಒಂದು ಗೆದ್ದು, ಇನ್ನೊಂದು ಸುರಂಗದೊಳಗೆ ನೆಟ್‌ವರ್ಕ್ ಹೋಗಿ ಹಾಳಾಗಿ, ನೇರಳೆ ಮಾರ್ಗದ ಕಡೆ ಜನರ ಜೊತೆ ನೂಕಿಸಿಕೊಂಡು ನಡೆಯುವ ಹೊತ್ತಿಗೆ ಎದುರು ಆಡಿದವರ ಹೆಸರಿರಲಿ, ಆಟದ ಒಂದು ನಡೆಯೂ ತಲೆಯಲ್ಲಿ ಉಳಿದಿರುವುದಿಲ್ಲ. ಅದೇ, ಯಾವಾಗಲಾದರೊಮ್ಮೆ ರಜೆ ಹೊಂದಿಸಿಕೊಂಡು ಆಡುವ, ಒಂದೊಂದು ಆಟವೂ ಗಂಟೆಗಟ್ಟಲೆ ನಡೆಯುವ ಕ್ಲಾಸಿಕಲ್ ಟೂರ್ನಿಯಲ್ಲಿ ಒಂದು ಆಟ ಸೋತೆನೋ, ಮುಗಿಯಿತು. ಸಾರಿಗೆ ಒಗ್ಗರಣೆ ಹಾಕುವಾಗ ಆ ಕುದುರೆ ನೆನಪಾಗುತ್ತದೆ. ಆಫೀಸಿನಲ್ಲಿ ಯಾರೋ ಸ್ಲೈಡ್ ತೋರಿಸುತ್ತಿದ್ದರೆ ನನ್ನ ತಲೆಯಲ್ಲಿ ಇಪ್ಪತ್ತಮೂರನೇ ನಡೆ ಓಡುತ್ತಿರುತ್ತದೆ. ಹಲಗೆ ಅದೇ, ಅರವತ್ನಾಲ್ಕು ಮನೆ ಅವೇ, ಹೋಗುವ ಪಾಯಿಂಟೂ ಒಂದೇ. ಹಾಗಿದ್ದರೆ ಒಂದು ಸೋಲು ಬಟ್ಟೆ ಕೊಡವಿದಂತೆ ಉದುರಿಹೋಗುವುದೇಕೆ, ಇನ್ನೊಂದು ವಾರಗಟ್ಟಲೆ ಅಂಟಿಕೊಳ್ಳುವುದೇಕೆ?

"ಜಾಸ್ತಿ ಹೊತ್ತು ಹಾಕಿರ್ತೀಯಲ್ಲ, ಅದಕ್ಕೆ ಜಾಸ್ತಿ ಉರಿಯತ್ತೆ" ಎಂದು ಗೆಳತಿಯೊಬ್ಬಳು ಹೇಳಿದಳು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಆದರೆ ಲೆಕ್ಕ ಕೂಡುವುದಿಲ್ಲ. ಭಾನುವಾರ ಊಟವಾದ ಮೇಲೆ ಫೋನ್ ಹಿಡಿದು ಕೂತು ಬ್ಲಿಟ್ಜ್‌ನಲ್ಲೇ, ಅಂದರೆ ಈ ಚುಟುಕು ಆಟಗಳಲ್ಲೇ, ಸಂಜೆಯಾಗಿಸುವುದು ನನಗೆ ಹೊಸದಲ್ಲ. ಅಲ್ಲೂ ಹೋಗುವುದು ಅದೇ ನಾಲ್ಕು ಗಂಟೆ. ಅದರಲ್ಲಿ ಮುಕ್ಕಾಲು ಪಾಲು ಸೋತರೂ ಎದ್ದು ಕಾಫಿಗೆ ಹಾಲಿಟ್ಟರೆ ಮರೆತೇಹೋಗುತ್ತದೆ. ಹಾಗಾಗಿ ಇದು ಗಂಟೆಗಳ ಮಾತಲ್ಲ. ಬೇಗ ಮುಗಿಯುವ ಆಟದಲ್ಲಿ ಸೋಲಿನ ಜೊತೆಗೇ ಅದಕ್ಕೊಂದು ನೆಪವೂ ಬರುತ್ತದೆ, ನಿಧಾನದ ಆಟ ಆ ನೆಪವನ್ನು ಕಿತ್ತುಕೊಳ್ಳುತ್ತದೆ ಎಂಬ ಗುಮಾನಿ ನನಗೆ ಬಹಳ ದಿನದಿಂದ ಇದೆ.

ಈ ಊರಿನ ಹತ್ತು ನಿಮಿಷ

ಬೆಂಗಳೂರಿನಲ್ಲಿ ಹತ್ತು ನಿಮಿಷ ಅನ್ನುವುದಕ್ಕೆ ಗಟ್ಟಿಯಾದ ಅರ್ಥವೇನೂ ಇಲ್ಲ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆಬಾಗಿಲಿಗೆ ಬರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತವರು "ಇನ್ನು ಹತ್ತೇ ನಿಮಿಷ, ಬಂದ್ಬಿಟ್ಟೆ" ಅನ್ನುತ್ತಾರೆ. ಚೆಸ್ಸಿನಲ್ಲೂ ಇದೇ ಕಥೆ. ಚೆಸ್.ಕಾಮ್‌ನಲ್ಲಿ ಹತ್ತು ನಿಮಿಷದ ಆಟವನ್ನು ರಾಪಿಡ್ ಎಂದು ಬರೆದುಕೊಳ್ಳುತ್ತಾರೆ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮ ತೆಗೆದು ನೋಡಿದರೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆಯದೆಲ್ಲ ಬ್ಲಿಟ್ಜ್. ಹತ್ತಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ ಇದ್ದರೆ ರಾಪಿಡ್. ಒಬ್ಬೊಬ್ಬರಿಗೆ ಒಂದು ಗಂಟೆಯಾದರೂ ಇದ್ದರೆ ಮಾತ್ರ ಕ್ಲಾಸಿಕಲ್. ನಡೆಗೆ ಇಷ್ಟು ಸೆಕೆಂಡ್ ಎಂದು ಸೇರುವ ಇನ್‌ಕ್ರಿಮೆಂಟ್ ಇದ್ದರೆ ಅರವತ್ತು ನಡೆಗೆ ಎಷ್ಟಾಗುತ್ತದೋ ಅದನ್ನೂ ಕೂಡಿಸಿ ನೋಡಬೇಕು. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಒಂದು ಚೆಸ್ ಬೋರ್ಡ್ ಇದೆ, ಗಡಿಯಾರ ಫೋನಿನಲ್ಲೇ. "ಸ್ಟ್ಯಾಂಡ್‌ಅಪ್‌ಗೆ ಇನ್ನೂ ಐದ್ ನಿಮ್ಷ ಇದೆ ಮೇಡಂ, ಎರಡು ಬುಲೆಟ್ ಆಗತ್ತೆ" ಎಂದು ಒಂದೊಂದು ನಿಮಿಷದ ಆಟಕ್ಕೆ ಕರೆಯುವ ಹುಡುಗರ ಬಾಯಲ್ಲಿ ಹತ್ತು ನಿಮಿಷದ ಆಟದ ಹೆಸರು "ಸ್ಲೋ ಗೇಮ್". ಅದನ್ನು ಆಡುವವರು ವಯಸ್ಸಾದವರು, ಅಂದರೆ ನಾನು.

ವೇಗದ ಆಟ ಕೀಳು ಎಂದು ಹೇಳುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಕ್ಲಾಸಿಕಲ್ ಆಟವನ್ನೇ ಬ್ಲಿಟ್ಜ್‌ನಂತೆ ಆಡಿ ಎದುರಿನವರನ್ನು ಕಂಗಾಲು ಮಾಡುತ್ತಿದ್ದ ಹುಡುಗನೊಬ್ಬನಿಗೆ ಎಂಬತ್ತರ ದಶಕದಲ್ಲಿ 'ಲೈಟ್ನಿಂಗ್ ಕಿಡ್' ಎಂಬ ಹೆಸರು ಬಿದ್ದಿತ್ತು. ಅವರೇ ವಿಶ್ವನಾಥನ್ ಆನಂದ್. 2012ರಲ್ಲಿ ಮಾಸ್ಕೋದಲ್ಲಿ ಗೆಲ್ಫಂಡ್ ಎದುರು ಹನ್ನೆರಡು ಕ್ಲಾಸಿಕಲ್ ಆಟ ಸಮಸಮವಾದಾಗ ರಾಪಿಡ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಉಳಿಸಿಕೊಂಡರು. 2017ರಲ್ಲಿ, ನಲವತ್ತೆಂಟನೇ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ವಿಶ್ವ ರಾಪಿಡ್ ಚಾಂಪಿಯನ್ ಆದರು. ಕೊನೆರು ಹಂಪಿ 2019ರಲ್ಲೂ 2024ರಲ್ಲೂ ಮಹಿಳೆಯರ ವಿಶ್ವ ರಾಪಿಡ್ ಗೆದ್ದರು. ಇದು ಬರೀ ಕೈಚಳಕ ಅಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಇಬ್ಬರು ವಿಜ್ಞಾನಿಗಳು ನಡೆದ ಆಟವೊಂದರ ಸ್ಥಿತಿಯನ್ನು ಐದೇ ಸೆಕೆಂಡ್ ತೋರಿಸಿ ಮುಚ್ಚಿದಾಗ, ಮಾಸ್ಟರ್ ಹೆಚ್ಚಿನ ಕಾಯಿಗಳನ್ನು ಮತ್ತೆ ಜೋಡಿಸಿದ, ಹೊಸಬನಿಗೆ ಒಂದು ನಾಲ್ಕೈದು ಕಾಯಿ ನೆನಪಿದ್ದರೆ ಹೆಚ್ಚು. ಅವೇ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಾಡಿ ಇಟ್ಟಾಗ ಮಾಸ್ಟರ್‌ನ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅವನ ನೆನಪಿನ ಶಕ್ತಿ ದೊಡ್ಡದಿರಲಿಲ್ಲ, ಅವನು ಇಂಥ ಜೋಡಣೆಗಳನ್ನು ಹಿಂದೆ ಸಾವಿರಾರು ಸಲ ನೋಡಿದ್ದ. ಬ್ಲಿಟ್ಜ್ ಆಡುವಾಗ ಕೈ ಹೋಗುವುದು ಆ ದಾಸ್ತಾನಿಗೇ. ಹೊಸದೇನನ್ನೂ ಅಲ್ಲಿ ಕಂಡುಹಿಡಿಯುವುದಿಲ್ಲ, ಇದ್ದದ್ದನ್ನು ತೆಗೆದು ಖರ್ಚು ಮಾಡುತ್ತೇವೆ.

ನನ್ನಂಥವರ ದಾಸ್ತಾನು ಚಿಕ್ಕದು, ಬೇಗ ಖಾಲಿಯಾಗುತ್ತದೆ. ಆದರೆ ಖಾಲಿಯಾಯಿತು ಎಂದು ಒಪ್ಪಿಕೊಳ್ಳುವ ಕಷ್ಟವನ್ನು ಗಡಿಯಾರ ತಪ್ಪಿಸುತ್ತದೆ. ಟೈಮ್ ಇರಲಿಲ್ಲ, ಅಷ್ಟೇ.

ಬೀರುವಿನ ಮೇಲಿನ ಹಲಗೆ

ಟೈಮ್ ಇರಲಿಲ್ಲ ಎಂದು ಹೇಳಲು ಬಾರದ ಒಂದು ಚೆಸ್ಸೂ ಇತ್ತು. ನಾನು ಚಿಕ್ಕವಳಿದ್ದಾಗ ಮಲ್ಲೇಶ್ವರದ ಅಜ್ಜಿಮನೆಯಲ್ಲಿ ನನ್ನ ಸೋದರಮಾವ ಅಂಚೆಯಲ್ಲಿ ಚೆಸ್ ಆಡುತ್ತಿದ್ದರು. ಎದುರಾಳಿ ಧಾರವಾಡದ ಒಬ್ಬ ಮೇಷ್ಟ್ರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆಟದ ಹಲಗೆ ನಡುಮನೆಯ ಬೀರುವಿನ ಮೇಲೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ತಿಂಗಳುಗಟ್ಟಲೆ ಇದ್ದ ಹಾಗೇ ಇರುತ್ತಿತ್ತು. "ಅದೊಂದು ತೆಗೆದ್ರೆ ನಾಲ್ಕು ಹಾಸಿಗೆ ಇಡಬಹುದು" ಎಂದು ಅಜ್ಜಿ ದಿನಕ್ಕೊಮ್ಮೆ ಗೊಣಗುತ್ತಿದ್ದರು. ಆದರೂ ಧೂಳು ಒರೆಸುವಾಗ ಒಂದೊಂದೇ ಕಾಯಿಯನ್ನು ಎತ್ತಿ, ಒರೆಸಿ, ಅದೇ ಮನೆಯಲ್ಲಿ ಇಡುತ್ತಿದ್ದವರೂ ಅವರೇ. ಚೆಸ್ ಆಡಲು ಬಾರದಿದ್ದರೂ ಆ ಆಟದ ಸ್ಥಿತಿ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅಜ್ಜಿಗೆ.

ಅಂಚೆ ಚೆಸ್ಸಿನಲ್ಲಿ ನಡೆಯನ್ನು ನಾಲ್ಕು ಅಂಕಿಯಲ್ಲಿ ಬರೆಯುತ್ತಾರೆ. ಎಡದಿಂದ ಎಷ್ಟನೇ ಸಾಲು, ಕೆಳಗಿನಿಂದ ಎಷ್ಟನೇ ಮನೆ ಎಂದು ಎರಡು ಅಂಕಿ, ಹೋಗಿ ಸೇರುವ ಮನೆಗೆ ಇನ್ನೆರಡು. ರಾಜನ ಮುಂದಿನ ಸೈನಿಕ ಎರಡು ಮನೆ ನಡೆದರೆ 5254. ಯಾವ ಭಾಷೆಯವರಿಗೂ ಗೊಂದಲವಾಗದಿರಲಿ ಎಂದು ಮಾಡಿಕೊಂಡ ಏರ್ಪಾಡು, ಆದರೆ ನಮ್ಮ ಬೀದಿಯ ಪೋಸ್ಟ್‌ಮನ್‌ಗೆ ಅದರಿಂದ ಬೇರೆಯೇ ಅನುಮಾನ. ಕಾರ್ಡು ಕೊಡುವಾಗ ಒಮ್ಮೆ ಮೆಲ್ಲಗೆ "ಏನ್ ಸ್ವಾಮಿ, ಓಸಿ ನಂಬರಾ? ನಮಗೂ ಸ್ವಲ್ಪ ಹೇಳಿ" ಅಂದಿದ್ದ. ಮಾವ ಅವನಿಗೆ ಹಲಗೆ ತೋರಿಸಿ ವಿವರಿಸಿದರೂ ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಒಂದು ಸಂಜೆ ಮಾವ ಕಾರ್ಡು ಬರೆದು ಪೆಟ್ಟಿಗೆಗೆ ಹಾಕಿ ಬಂದರು. ಮೂರು ದಿನ ಆ ನಡೆಯನ್ನೇ ಯೋಚಿಸಿದ್ದರು. ಬ್ಯಾಂಕಿನಿಂದ ಬಂದವರು ಬಟ್ಟೆ ಬದಲಿಸುವ ಮೊದಲೇ ಸ್ಟೂಲ್ ಹತ್ತಿ ಬೀರುವಿನ ಮುಂದೆ ನಿಲ್ಲುತ್ತಿದ್ದದ್ದು ನನಗೆ ನೆನಪಿದೆ. ಆ ರಾತ್ರಿ ಊಟಕ್ಕೆ ಕೂತವರು ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಎದ್ದು ಹೋಗಿ ಹಲಗೆ ನೋಡಿದರು. ಮಂತ್ರಿ ಹೋಗುತ್ತಿತ್ತು. ಎರಡು ನಡೆ ಆಚೆಗೆ ಅಲ್ಲ, ಮುಂದಿನ ನಡೆಯಲ್ಲೇ, ಒಂದು ಒಂಟೆಯ ಬಾಯಿಗೆ. ಬೆಳಗ್ಗೆ ಪೆಟ್ಟಿಗೆ ತೆರೆಯುವ ಹೊತ್ತಿಗೆ ಮಾವ ಅಲ್ಲಿ ಹೋಗಿ ನಿಂತಿದ್ದರು, ಜೊತೆಗೆ ನಾನೂ ಇದ್ದೆ. ಚೀಲಕ್ಕೆ ಕಾಗದ ಸುರಿಯುತ್ತಿದ್ದವನನ್ನು ಒಂದು ಕಾರ್ಡ್ ವಾಪಸ್ ಕೊಡು ಎಂದು ಕೇಳಿದರು. "ಡಬ್ಬಕ್ಕೆ ಬಿದ್ದ ಮೇಲೆ ಅದು ನಿಮ್ದಲ್ಲ ಸ್ವಾಮಿ" ಎಂದು ಅವನು ಚೀಲದ ಬಾಯಿ ಕಟ್ಟಿದ. ಮುಟ್ಟಿದ ಕಾಯಿ ಆಡಲೇಬೇಕು ಅನ್ನುವ ನಿಯಮವನ್ನು ಅಷ್ಟು ಖಡಾಖಂಡಿತವಾಗಿ ಜಾರಿ ಮಾಡಿದ ಆರ್ಬಿಟರನ್ನು, ಅಂದರೆ ಚೆಸ್ ಅಂಪೈರನ್ನು, ನಾನು ಆಮೇಲೆ ಎಲ್ಲೂ ನೋಡಿಲ್ಲ.

ಕೆಲವು ದಿನ ಬಿಟ್ಟು ಧಾರವಾಡದಿಂದ ಉತ್ತರ ಬಂತು. ನಾಲ್ಕು ಅಂಕಿ, ಅದರ ಕೆಳಗೆ ಒಂದು ಸಾಲು: "ತಮ್ಮ ಮಂತ್ರಿಯನ್ನು ತೆಗೆದುಕೊಳ್ಳಬೇಕಾಗಿ ಬಂದಿದೆ, ಕ್ಷಮೆ ಇರಲಿ." ಮಾವ ಅದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ಟೈಮ್ ಇರ್ಲಿಲ್ಲ ಅಂತ ಹೇಳೋ ಹಾಗೂ ಇಲ್ವಲ್ಲೇ" ಅಂದರು. ನಗುತ್ತಲೇ ಅಂದದ್ದು. ಆದರೆ ಮುಂದೆ ಎಷ್ಟೋ ವರ್ಷ ಯಾರಾದರೂ ಚೆಸ್ ಮಾತೆತ್ತಿದರೆ ತಾವು ಗೆದ್ದ ಆಟಗಳನ್ನು ಬಿಟ್ಟು ಇದೊಂದನ್ನೇ ಹೇಳುತ್ತಿದ್ದರು.

ಗಡಿಯಾರ ಹೊಸದು

ನೆಪವನ್ನು ಒದಗಿಸುವ ಈ ಯಂತ್ರ ಚೆಸ್ಸಿಗೆ ಬಂದು ಒಂದೂವರೆ ಶತಮಾನವೂ ಆಗಿಲ್ಲ. ಅದಕ್ಕೂ ಮುಂಚೆ, 1861ರಲ್ಲಿ, ಆಂಡರ್ಸನ್–ಕೋಲಿಷ್ ಪಂದ್ಯದಲ್ಲಿ ಮರಳು ಗಡಿಯಾರ ಇಟ್ಟಿದ್ದರು. ಎರಡು ಮುಖದ ಚೆಸ್ ಗಡಿಯಾರ ಟೂರ್ನಿಗೆ ಬಂದದ್ದು 1883ರ ಲಂಡನ್‌ನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಹದಿನೈದು ವರ್ಷವಾಗಿತ್ತು. ಕುದುರೆಯೊಂದೇ ಹಲಗೆಯ ಎಲ್ಲ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕಗಳನ್ನು ಹೆಣೆಯುತ್ತಿದ್ದವರು ಅವರು. ಗಡಿಯಾರ ಇಲ್ಲ, ಎದುರಾಳಿಯೂ ಇಲ್ಲ, ತಪ್ಪಾದರೆ ಕುದುರೆಯನ್ನೇ ಬೈಯಬೇಕು.

ಕೀಲಿ ಕೊಡುವ ಹಳೆಯ ಗಡಿಯಾರದಲ್ಲಿ ಒಂದು ಅನ್ಯಾಯವೂ ನಡೆಯುತ್ತಿತ್ತು. ಗೆದ್ದೇಬಿಟ್ಟ ಆಟದಲ್ಲೂ ಹೊತ್ತು ಮುಗಿದು ಗಡಿಯಾರದ ಕೆಂಪು ಫ್ಲ್ಯಾಗ್ ಬಿದ್ದರೆ ಪಾಯಿಂಟ್ ಹೋಯಿತು. ಅದಕ್ಕೆ ಮದ್ದು ಹುಡುಕಿದವನು ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್. ಪ್ರತಿ ನಡೆಗೂ ಒಂದಿಷ್ಟು ಸೆಕೆಂಡ್ ಮರಳಿ ಸಿಗುವ ಡಿಜಿಟಲ್ ಗಡಿಯಾರಕ್ಕೆ 1989ರಲ್ಲಿ ಪೇಟೆಂಟ್ ಪಡೆದ, 1992ರಲ್ಲಿ ಸ್ಪಾಸ್ಕಿ ಜೊತೆಗಿನ ಮರುಪಂದ್ಯದಲ್ಲಿ ಅದನ್ನೇ ಇಟ್ಟು ಆಡಿದ. ಇವತ್ತಿನ ಕ್ಲಾಸಿಕಲ್ ಆಟದಲ್ಲಿ ನಡೆಗೆ ಮೂವತ್ತು ಸೆಕೆಂಡ್ ಸೇರುವುದು ಸಾಮಾನ್ಯ. ಎಷ್ಟೇ ತಡಮಾಡಿದರೂ ಮುಂದಿನ ನಡೆಗೆ ಅರ್ಧ ನಿಮಿಷ ಇದ್ದೇ ಇರುತ್ತದೆ. ಫ್ಲ್ಯಾಗ್ ಬಿತ್ತು ಅನ್ನುವ ಕೊನೆಯ ನೆಪಕ್ಕೂ ಫಿಷರ್ ಹೀಗೆ ಕತ್ತರಿ ಹಾಕಿದ.

"ಇಷ್ಟೊತ್ತು ಏನ್ ಯೋಚ್ನೆ ಮಾಡ್ತಿದ್ರಿ?"

ನಾನು ಕಡೆಯ ಸಲ ಆಡಿದ ಕ್ಲಾಸಿಕಲ್ ಟೂರ್ನಿ ದಕ್ಷಿಣ ಬೆಂಗಳೂರಿನ ಒಂದು ಶಾಲೆಯ ಸಭಾಂಗಣದಲ್ಲಿತ್ತು. ತೊಂಬತ್ತು ನಿಮಿಷ, ನಡೆಗೆ ಮೂವತ್ತು ಸೆಕೆಂಡ್. ಮೊದಲ ಸುತ್ತಿಗೆ ಒಳಗೆ ಹೋಗುತ್ತಿದ್ದಂತೆ ಬ್ಯಾಡ್ಜ್ ಹಾಕಿದ ಹುಡುಗನೊಬ್ಬ "ಪೇರೆಂಟ್ಸ್ ಎಲ್ಲ ಹೊರಗಿರ್ಬೇಕು ಮೇಡಂ" ಎಂದು ತಡೆದ. ಪೇರಿಂಗ್ ಹಾಳೆಯಲ್ಲಿ ನನ್ನ ಹೆಸರು ತೋರಿಸಿದ ಮೇಲೆ ಪಾಪ ಅವನಿಗೇ ಮುಜುಗರ. ಅವನದೇನೂ ತಪ್ಪಿಲ್ಲ. ಒಳಗೆ ನೋಡಿದರೆ ಅರ್ಧಕ್ಕರ್ಧ ಕುರ್ಚಿಗಳಲ್ಲಿ ನೆಲಕ್ಕೆ ಕಾಲು ಎಟುಕದ ಮಕ್ಕಳು. ಹೊರಗಿನ ಕಾರಿಡಾರ್‌ನಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಲ್ಯಾಪ್‌ಟಾಪ್ ಸಮೇತ ಅವರ ಅಪ್ಪಅಮ್ಮಂದಿರು.

ನನಗೆ ಎದುರಾದವನಿಗೆ ಹತ್ತು ವರ್ಷವಿರಬಹುದು. ಕೈಕುಲುಕಿ, ಗಡಿಯಾರ ಒತ್ತಿ, ನಡೆ ಆಡಿ, ಹಾಳೆಯಲ್ಲಿ ಮುದ್ದಾಗಿ ಬರೆದುಕೊಂಡು ಎದ್ದುಹೋಗುವನು, ಪಕ್ಕದ ಮೇಜುಗಳನ್ನೆಲ್ಲ ಒಂದು ಸುತ್ತು ನೋಡಿ ಬರುವನು. ನಾನು ಆಡಿದ್ದೇನೆ ಎಂದು ಕಂಡರೆ ನಿಂತೇ ಉತ್ತರ ಕೊಡುವನು. ಆಟದ ನಡುವೆ ಒಂದು ಕಡೆ, ಆನೆಗಳನ್ನು ಬದಲಾಯಿಸಿಕೊಳ್ಳಲೋ ಬೇಡವೋ ಎಂಬಲ್ಲಿ ನಾನು ಮುಳುಗಿಹೋದೆ. ಹತ್ತಿರ ಹತ್ತಿರ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ನಡೆದದ್ದನ್ನು ಇದ್ದಂತೆ ಹೇಳಬೇಕೆಂದರೆ, ಆಡಬೇಕಾದ ನಡೆ ಮೊದಲ ಎರಡು ನಿಮಿಷದಲ್ಲೇ ಸಿಕ್ಕಿತ್ತು. ಆಮೇಲಿನದೆಲ್ಲ ಅದನ್ನು ನಂಬದಿರಲು ಕಾರಣ ಹುಡುಕಿದ್ದು. ಅವನ ಕುದುರೆ ನನ್ನ ರಾಜನ ಪಕ್ಕಕ್ಕೆ ಬಂದರೆ? ಬಂದ ಮೇಲೆ ಸೈನಿಕನನ್ನು ಬಲಿಕೊಟ್ಟರೆ? ನಡುವೆ ಸಂಜೆಗೆ ದೋಸೆಹಿಟ್ಟು ತರಬೇಕೆಂಬುದೂ ಬಂತು, ಎದುರಿನ ಖಾಲಿ ಕುರ್ಚಿಯೂ ಕಣ್ಣಿಗೆ ಬಿತ್ತು. ಕಡೆಗೆ ಆನೆ ಬದಲಾಯಿಸಿ ಆಟವನ್ನು ಸಪ್ಪೆ ಮಾಡಿದೆ. ಡ್ರಾ ಆಯಿತು.

ಹೊರಗೆ ಬಂದು ಇಬ್ಬರೂ ಕಾಯಿ ಜೋಡಿಸಿ ಆಟವನ್ನು ಮತ್ತೆ ನೋಡುವಾಗ ಅವನು ಅಲ್ಲಿಗೆ ಬಂದು ನಿಲ್ಲಿಸಿದ. "ಆಂಟಿ, ಇಲ್ಲಿ ಇಷ್ಟೊತ್ತು ಏನ್ ಯೋಚ್ನೆ ಮಾಡ್ತಿದ್ರಿ?" ನಾನು ಅವನ ಕುದುರೆಯ ಸವಾರಿಯನ್ನು ತೋರಿಸಿದೆ. ಅವನು ಕಣ್ಣರಳಿಸಿ ನೋಡಿ, "ಓ, ಇದಿತ್ತಾ? ನಾನು ನೋಡ್ಲೇ ಇಲ್ಲ" ಅಂದ. ಅಂದರೆ ಅರ್ಧ ಗಂಟೆ ನಾನು ಹೆದರಿದ್ದು ಆ ಕುರ್ಚಿಯಲ್ಲಿ ಕೂತವನಿಗಲ್ಲ. ಅವನಿಗಿಂತ ಬಲವಾದ ಎದುರಾಳಿಯೊಬ್ಬನನ್ನು ನಾನೇ ತಯಾರು ಮಾಡಿ, ಅವನ ಜೊತೆ ಡ್ರಾ ಮಾಡಿಕೊಂಡಿದ್ದೆ. ನಿಧಾನ ಅಂದರೆ ಆಳ ಎಂದು ಭಾಷಣ ಮಾಡುವವರಿಗೆ ಇದನ್ನು ಹೇಳಬೇಕು. ಹೊತ್ತು ಸಿಕ್ಕಾಗ ಬರೀ ಯೋಚನೆಯಷ್ಟೇ ಬೆಳೆಯುವುದಿಲ್ಲ, ಭಯವೂ ಬೆಳೆಯುತ್ತದೆ.

ಮುಂದಿನ ಸುತ್ತಿನಲ್ಲಿ ಆ ಹುಡುಗ ಸೋತ. ಕಾರಿಡಾರ್‌ನಲ್ಲಿ ಅವನ ಅಪ್ಪ, "ಒಂದೂವರೆ ಗಂಟೆ ಕೊಟ್ಟಿದ್ರಲ್ಲೋ, ಕೂತು ನೋಡೋಕೇನಾಗಿತ್ತು?" ಅನ್ನುತ್ತಿದ್ದರು. "ಬೇಗ ಆಡ್ಬಿಟ್ಟೆ ಅಪ್ಪ" ಎಂದ. ಬೇಸರವೇನೂ ಇರಲಿಲ್ಲ ಆ ದನಿಯಲ್ಲಿ. ಆಗ ಹೊಳೆಯಿತು, ನಿಧಾನದ ಆಟದಲ್ಲೂ ನೆಪ ಉಳಿಸಿಕೊಳ್ಳುವ ದಾರಿ ಇದೆ: ಕೊಟ್ಟ ಹೊತ್ತನ್ನು ಮುಟ್ಟದೇ ಇರುವುದು. ದೊಡ್ಡವರದು ಇದರ ತಿರುವುಮುರುವು. ಮೊದಲ ಇಪ್ಪತ್ತು ನಡೆಗೇ ಇದ್ದ ಗಂಟೆಯನ್ನೆಲ್ಲ ಸುರಿದು, ಉಳಿದದ್ದನ್ನು ಏದುಸಿರು ಬಿಡುತ್ತ ಆಡಿ, "ಟೈಮ್ ಪ್ರೆಶರ್‌ನಲ್ಲಿ ಹೋಯ್ತು" ಎಂದು ಎದ್ದು ಬರುತ್ತೇವೆ. ಜಗತ್ತಿನ ಮಟ್ಟದಲ್ಲಿ ಇದಕ್ಕೆ ಹೆಸರಾದವರು ರಷ್ಯಾದ ಗ್ರಿಷುಕ್. ಮೂರು ಸಲ ವಿಶ್ವ ಬ್ಲಿಟ್ಜ್ ಚಾಂಪಿಯನ್ ಆದವರು, ಕ್ಲಾಸಿಕಲ್ ಆಟವನ್ನೂ ಕೊನೆಗೆ ಬ್ಲಿಟ್ಜ್ ಮಾಡಿಕೊಳ್ಳುವವರು. ಅವರ ಕಾರಣ ಏನಿದೆಯೋ, ನಮ್ಮ ಕಾರಣ ನನಗೆ ಗೊತ್ತು.

ಸಿಂಗಾಪುರದ ಆ ಆಟ

ನಿಧಾನವನ್ನು ಒಬ್ಬ ಆಟಗಾರ ಬೇಕೆಂದೇ ಹಿಡಿದುಕೊಂಡದ್ದನ್ನು ನಾನು ನೋಡಿದ್ದು 2024ರ ಡಿಸೆಂಬರ್ 12ರಂದು. ಸಿಂಗಾಪುರದಲ್ಲಿ ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ನಡುವಿನ ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ ಹಾಗೂ ಕೊನೆಯ ಕ್ಲಾಸಿಕಲ್ ಆಟ, ಅಲ್ಲಿಯವರೆಗೆ ಇಬ್ಬರದೂ ಆರೂವರೆ. ಡ್ರಾ ಆದರೆ ಮರುದಿನ ರಾಪಿಡ್‌ನಲ್ಲಿ ತೀರ್ಮಾನ. ಹಾಗೆ ತೀರ್ಮಾನವಾಗುವುದು ಹೊಸದಲ್ಲ: 2018ರಲ್ಲಿ ಕಾರ್ಲ್‌ಸನ್–ಕರುವಾನಾ ಹನ್ನೆರಡಕ್ಕೆ ಹನ್ನೆರಡೂ ಡ್ರಾ ಮಾಡಿಕೊಂಡು, ಕಾರ್ಲ್‌ಸನ್ ರಾಪಿಡ್‌ನಲ್ಲಿ 3–0 ಗೆದ್ದಿದ್ದರು. 2023ರಲ್ಲಿ ಡಿಂಗ್ ಪಟ್ಟಕ್ಕೇರಿದ್ದೇ ರಾಪಿಡ್‌ನಿಂದ. ಗುಕೇಶ್‌ನ ರಾಪಿಡ್ ರೇಟಿಂಗ್ ಅವನ ಕ್ಲಾಸಿಕಲ್‌ಗಿಂತ ಸಾಕಷ್ಟು ಕೆಳಗಿತ್ತು. ಹಾಗಾಗಿ ಒಂದು ಸೈನಿಕ ಹೆಚ್ಚಿದ್ದರೂ ಡ್ರಾ ಎಂದು ಎಲ್ಲರೂ ಕೈಬಿಟ್ಟಿದ್ದ ಆ ಸ್ಥಿತಿಯಲ್ಲಿ ಹುಡುಗ ಆಡುತ್ತಲೇ ಹೋದ. ಐವತ್ತೈದನೇ ನಡೆಯಲ್ಲಿ ಡಿಂಗ್ ಆನೆಯನ್ನು ಬದಲಾವಣೆಗೆ ಒಡ್ಡಿದರು. ಆನೆ ಹೋದ ಮೇಲೆ ಮೂಲೆ ಮನೆಯಲ್ಲಿದ್ದ ಅವರ ಒಂಟೆಯೂ ಬದಲಾಗದೆ ವಿಧಿಯಿಲ್ಲ, ಅದೂ ಹೋದ ಮೇಲೆ ರಾಜ ಮತ್ತು ಸೈನಿಕರಷ್ಟೇ ಉಳಿದ ಆಟ ಸೋತ ಆಟ. ಮೂರು ನಡೆ ಬಿಟ್ಟು ಡಿಂಗ್ ಸೋಲೊಪ್ಪಿದರು.

ಆ ರಾತ್ರಿ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹುಡುಗರು "ಇಷ್ಟು ಸುಲಭದ್ದು ನಾನೇ ನೋಡ್ತಿದ್ದೆ" ಎಂದು ನಗುತ್ತಿದ್ದರು. ಕಂಪ್ಯೂಟರ್ ಪಕ್ಕದಲ್ಲಿ ಕೆಂಪು ಗೆರೆ ತೋರಿಸುತ್ತಿದ್ದರೆ ಯಾರಾದರೂ ನೋಡಬಹುದು. ನನಗೆ ನಗು ಬರಲಿಲ್ಲ. ಡಿಂಗ್ ಬಳಿ ಹೊತ್ತು ಕಡಿಮೆಯಿತ್ತು, ಇಲ್ಲವೇ ಇಲ್ಲ ಅನ್ನುವಷ್ಟಲ್ಲ. ಕೈಯಲ್ಲಿ ಕೆಲವು ನಿಮಿಷಗಳನ್ನು ಇಟ್ಟುಕೊಂಡೇ ಆಡಿದ ನಡೆ ಅದು.

ಐದು ದಿನ ರಜೆ ಯಾರಿಗಿದೆ

ಇಷ್ಟೆಲ್ಲ ಹೇಳಿ, ಎಲ್ಲರೂ ಕ್ಲಾಸಿಕಲ್ ಆಡಿ ಎಂದು ಕರೆ ಕೊಡುವುದು ಈ ಊರಿನಲ್ಲಿ ಸುಲಭವಲ್ಲ. ತೊಂಬತ್ತು ನಿಮಿಷ ಮತ್ತು ಮೂವತ್ತು ಸೆಕೆಂಡ್ ಅಂದರೆ ಅರವತ್ತು ನಡೆಯ ಆಟಕ್ಕೆ ಒಬ್ಬರಿಗೆ ಎರಡು ಗಂಟೆ, ಇಬ್ಬರಿಗೂ ಸೇರಿ ನಾಲ್ಕು. ದಿನಕ್ಕೆ ಎರಡೇ ಸುತ್ತು. ಒಂಬತ್ತು ಸುತ್ತಿನ ಟೂರ್ನಿಗೆ ಐದು ದಿನ ಬೇಕು. ಅಷ್ಟು ದಿನ ಹಾಲ್ ಬಾಡಿಗೆ, ಆರ್ಬಿಟರ್‌ಗಳ ಖರ್ಚು, ಜೊತೆಗೆ ಅಪ್ಪಅಮ್ಮಂದಿರ ರಜೆ. ಭಾನುವಾರದ ರಾಪಿಡ್ ಆದರೆ ಬೆಳಗ್ಗೆ ಶುರುವಾಗಿ ಸಂಜೆಗೆ ಟ್ರೋಫಿ ಸಮೇತ ಮುಗಿಯುತ್ತದೆ. ಆದರೆ ಗ್ರ್ಯಾಂಡ್‌ಮಾಸ್ಟರ್ ಬಿರುದಿಗೆ ಬೇಕಾದ ನಾರ್ಮ್ ಸಿಗುವುದು ಕ್ಲಾಸಿಕಲ್ ಆಟದಲ್ಲಿ ಮಾತ್ರ. 2017ರಲ್ಲಿ ಮೈಸೂರಿನ ತೇಜಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದೂ, 2022ರಲ್ಲಿ ನಮ್ಮ ಬೆಂಗಳೂರಿನ ಪ್ರಣವ್ ಆನಂದ್ ಆದದ್ದೂ ಹೀಗೆ ಗಂಟೆಗಟ್ಟಲೆ ಕೂತೇ. ಕಾರಿಡಾರ್‌ನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತ ಅಪ್ಪಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

2025ರಲ್ಲಿ ಫಿಡೆ ಒಂದು ಪ್ರಯೋಗ ಶುರು ಮಾಡಿತು. ನಲವತ್ತೈದು ನಿಮಿಷ ಮತ್ತು ನಡೆಗೆ ಮೂವತ್ತು ಸೆಕೆಂಡಿನ ಆಟವನ್ನೂ ಆಯ್ದ ಕೆಲವು ಟೂರ್ನಿಗಳಲ್ಲಿ, ಹೆಚ್ಚು ರೇಟಿಂಗ್ ಇರುವವರಿಗೂ, ಕ್ಲಾಸಿಕಲ್ ರೇಟಿಂಗ್‌ಗೆ ಸೇರಿಸಿಕೊಂಡಿತು. 'ಫಾಸ್ಟ್ ಕ್ಲಾಸಿಕ್' ಎಂದು ಅದಕ್ಕೆ ಹೆಸರು. ಹಳಬರು ಮೂಗು ಮುರಿಯುತ್ತಿದ್ದಾರೆ, ನಾನೂ ಮೊದಲು ಮುರಿದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅರವತ್ತು ನಡೆಗೆ ಇಬ್ಬರಿಗೂ ಸೇರಿ ಎರಡೂವರೆ ಗಂಟೆ. ದಿನಕ್ಕೆರಡು ಸುತ್ತು ಆಡಿದರೂ ಬೆಳಕಿರುವಾಗಲೇ ಮನೆ ಸೇರಬಹುದು. ಸೋತರೆ ನೆಪ ಹೇಳಲು ನಲವತ್ತೈದು ನಿಮಿಷ ಕಡಿಮೆಯೋ ಹೆಚ್ಚೋ ಎಂಬುದನ್ನು ಆಡಿಯೇ ನೋಡಬೇಕು. ಬೆಂಗಳೂರಿನಲ್ಲಿ ಯಾರಾದರೂ ಇಂಥದ್ದೊಂದು ಇಟ್ಟರೆ ನಾನು ಹೆಸರು ಕೊಡುವವಳೇ. ಮೊದಲ ಸುತ್ತನ್ನು ಮಾತ್ರ ಸೋಮವಾರ ಬೆಳಗ್ಗೆ ಇಡಬೇಡಿ, ಆ ದಿನ ನನಗೆ ಒಂಬತ್ತಕ್ಕೇ ಮೀಟಿಂಗ್ ಇರುತ್ತದೆ.